ಸಪ್ಪೆ ಬ್ರೆಡ್ಡು

ಬೆಣ್ಣೆಯ ಮೇಲೆ ಉಪ್ಪು ಉದುರಿಸುವಾಗ ಇವತ್ತು ಅವನ ಕೈ ಹಿಂಜರಿಯಲಿಲ್ಲ. ಮೊದಮೊದಲು ಹೆಂಡತಿ ಒಲೆಯ ಕಡೆ ತಿರುಗುವುದನ್ನೇ ಕಾದು, ಕದ್ದವನ ಹಾಗೆ ಒಂದು ಚಿಟಿಕೆ ಹಾಕಿಕೊಳ್ಳುತ್ತಿದ್ದವನು ಈಗ ರಾಜಾರೋಷವಾಗಿ ಡಬ್ಬದಿಂದಲೇ ಸುರಿದುಕೊಳ್ಳುತ್ತಿದ್ದ. ಬೆಣ್ಣೆಯೇ ಉಪ್ಪಿನದು, ಅದರ ಮೇಲೆ ಚೀಸು, ಚೀಸಿನ ಮೇಲೆ ಮತ್ತೆ ಉಪ್ಪು, ಪಕ್ಕದಲ್ಲಿ ಒಣಮೀನಿನ ಹುರಿದ ತುಂಡುಗಳು. ಮೊದಲ ತುತ್ತಿಗೇ ನಾಲಿಗೆ ಸುರುಟಿಕೊಂಡಿತು, ಕೆನ್ನೆಯ ಒಳಗೆಲ್ಲ ಚುರುಗುಟ್ಟಿತು. ಆದರೂ ಅವನು ನೀರಿನ ಲೋಟ ಮುಟ್ಟಲಿಲ್ಲ. ನೀರು ಜಾಸ್ತಿ ಕುಡಿದರೆ ತಿಂದ ಉಪ್ಪೆಲ್ಲ ಹೊರಟುಹೋಗುತ್ತೆ ಅಂತ ಆಸ್ಪತ್ರೆಯ ಬೆಂಚಿನ ಮೇಲೆ ಯಾರೋ ಇನ್ಯಾರಿಗೋ ಹೇಳುತ್ತಿದ್ದದ್ದನ್ನು ಅವನು ಸೆರಗಿನ ಗಂಟಿನ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದ.

"ಬ್ರೆಡ್ಡಿಗೆ ಬೆಣ್ಣೆ ಹಚ್ಚೋರನ್ನ ನೋಡಿದೀನಿ, ಬೆಣ್ಣೆಗೆ ಬ್ರೆಡ್ಡು ಹಚ್ಚೋರನ್ನ ನಿಮ್ಮನ್ನೇ ನೋಡಿದ್ದು," ಅಂದಳು ಹೆಂಡತಿ, ಬಾಣಲೆ ಉಜ್ಜುತ್ತಾ. "ಇವತ್ತು ಆಸ್ಪತ್ರೇಲಿ ಕೊನೇ ಪರೀಕ್ಷೆ ಅಲ್ವೇನ್ರೀ? ಬೀಪಿ ನೋಡ್ತಾರೆ. ಈ ಪಾಟಿ ಉಪ್ಪು ತಿಂದ್ಕೊಂಡು ಹೋಗ್ತಾರಾ ಯಾರಾದ್ರೂ?"

"ಬಾಯೆಲ್ಲ ಸಪ್ಪೆ ಸಪ್ಪೆ ಅನ್ಸುತ್ತೆ ಕಣೆ," ಅಂದ.

ಬಾಣಲೆಯ ಸದ್ದು ನಿಂತಿತು. ಆ ಮನೆಯಲ್ಲಿ ಆ ಪದವನ್ನು ಯಾರೂ ಆಡುತ್ತಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೂ 'ಉಪ್ಪು ಕಮ್ಮಿ' ಅನ್ನುತ್ತಿದ್ದರೇ ಹೊರತು ಆ ಪದ ಅನ್ನುತ್ತಿರಲಿಲ್ಲ. ಯಾಕೆಂದರೆ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. 'ಸಪ್ಪೆ ಬಂದ', 'ಸಪ್ಪೆಗೆ ಹೇಳಿದೀನಿ, ಕಳಿಸ್ತಾನೆ', 'ಸಪ್ಪೆ ಹೆಂಡತಿ ಅಲ್ವೇನಮ್ಮ ನೀನು?' ಅಣ್ಣ ಆ ಹೆಸರನ್ನು ಇಪ್ಪತ್ತು ವರ್ಷದ ಹಿಂದೆ ಅವನ ಹಣೆಗೆ ಹಚ್ಚಿದ್ದ. ಅದು ಅಳಿಸಿಹೋಗುವ ಬಣ್ಣವಾಗಿರಲಿಲ್ಲ. ಇವತ್ತು ತಾನೇ ಆ ಪದವನ್ನು ಆರಾಮಾಗಿ ಆಡಿದ್ದಕ್ಕೆ ಅವನಿಗೂ ಆಶ್ಚರ್ಯವಾಯಿತು. ಗೆಲ್ಲುವವನಿಗೆ ಎಲ್ಲ ಪದಗಳೂ ಹಗುರ ಅಂದುಕೊಂಡು, ಒಣಮೀನಿನ ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡ.

ಅಣ್ಣನ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗುತ್ತಾ ಬಂದಿತ್ತು. ದಿನ ಬಿಟ್ಟು ದಿನ ತೋಳಿಗೆ ಸೂಜಿ ಚುಚ್ಚಿಸಿಕೊಂಡು, ಯಂತ್ರದ ಪಕ್ಕ ಅರ್ಧ ದಿನ ಮಲಗಿ, ರಕ್ತ ತೊಳೆಸಿಕೊಂಡು ಬರುತ್ತಿದ್ದ. ಇನ್ನೊಬ್ಬರದು ಹಾಕಬೇಕು ಅಂತ ಡಾಕ್ಟರು ಬಾಯಿ ಬಿಟ್ಟ ಕ್ಷಣವೇ ಅಣ್ಣ ಹಿಂದೆ ತಿರುಗಿಯೂ ನೋಡದೆ, ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಿ, "ಇವನು ಕೊಡ್ತಾನೆ" ಅಂದಿದ್ದ. ಮೈದಾ ಮೂಟೆ ಯಾರು ಹೊರ್ತಾರೆ ಅಂದರೂ ಅದೇ ಹೆಬ್ಬೆರಳು, ಅದೇ ಮಾತು. ಕೇಳಲೇ ಇಲ್ಲ. 'ಕೊಡ್ತೀಯೇನೋ' ಅಂತ ಒಂದು ಮಾತು. ಒಂದೇ ಒಂದು ಮಾತು ಕೇಳಿದ್ದರೆ ಕೊಟ್ಟುಬಿಡುತ್ತಿದ್ದನೇನೋ, ಯಾರಿಗೆ ಗೊತ್ತು. ಆಮೇಲೆ ಡಾಕ್ಟರಮ್ಮ ಅವನೊಬ್ಬನನ್ನೇ ಒಳಗೆ ಕೂರಿಸಿ, ಬಾಗಿಲು ಹಾಕಿ, "ನಿಮಗೆ ಇಷ್ಟ ಇಲ್ಲ ಅಂದ್ರೆ ನನಗೊಬ್ಬಳಿಗೇ ಹೇಳಿ, ಹೊಂದಲ್ಲ ಅಂತ ನಾನೇ ಅವರಿಗೆ ಹೇಳ್ತೀನಿ" ಅಂದಾಗ ಅವನು ಹಲ್ಲು ಕಿರಿದು "ಸ್ವಂತ ಅಣ್ಣ ಮೇಡಂ, ಇಷ್ಟ ಇಲ್ದೆ ಇರುತ್ತಾ" ಅಂದಿದ್ದ. ಇಲ್ಲ ಅಂದರೆ ಅಣ್ಣನನ್ನು ಸಾಯಬಿಟ್ಟವನು ಅನ್ನುವ ಹೆಸರು ಹಳೇ ಹೆಸರಿನ ಮೇಲೆ ಕೂತುಕೊಳ್ಳುತ್ತೆ. ಡಾಕ್ಟರಮ್ಮ ಗುಟ್ಟು ಬಿಡದಿದ್ದರೂ ಅತ್ತಿಗೆ ಕಣ್ಣಿನಲ್ಲೇ ಓದಿಬಿಡುತ್ತಾಳೆ. ಹೂಂ ಅಂದದ್ದಕ್ಕೆ ಈಗ ಅತ್ತಿಗೆ ಎದ್ದು ಕುರ್ಚಿ ಕೊಡುತ್ತಿದ್ದಳು, ಮೊಟ್ಟೆ ಸುಲಿದು ತಟ್ಟೆಗೆ ಹಾಕುತ್ತಿದ್ದಳು. ಅದನ್ನೂ ಬಿಡಲು ಮನಸ್ಸಿಲ್ಲ. ಹೀಗಿರುವಾಗ ಬೀಪಿ ಏರಿದವರ ಕಿಡ್ನಿ ತಗೊಳ್ಳಲ್ಲ, ಅವರದೇ ಅವರಿಗೆ ಸಾಲದೆ ಬರುತ್ತೆ ಅನ್ನುವ ಸಂಗತಿ ಕಿವಿಗೆ ಬಿದ್ದದ್ದು ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಬೇಡ ಅನ್ನಬೇಕಾದದ್ದು ಅವನಲ್ಲ, ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆಯುವ ಆ ಯಂತ್ರ. ಅವನ ಕೆಲಸ ಬೆಳಗ್ಗೆ ಎದ್ದು ಚೆನ್ನಾಗಿ ತಿಂಡಿ ತಿನ್ನುವುದು, ಅಷ್ಟೆ.

ಚಪ್ಪಲಿ ಹಾಕಿಕೊಳ್ಳುವಾಗ ಪಟ್ಟಿ ಬಿಗಿಯಿತು. ಪಾದ ಊದಿತ್ತು. ಬೆರಳಿನಿಂದ ಒತ್ತಿದರೆ ಹದವಾಗಿ ಉಬ್ಬಿದ ಹಿಟ್ಟಿನ ಹಾಗೆ ಗುಳಿ ಬಿದ್ದು, ತುಂಬಿಕೊಳ್ಳಲು ಹೊತ್ತು ಹಿಡಿಯಿತು. ಭೇಷ್ ಅಂದುಕೊಂಡ. ಬೆಳಗ್ಗೆ ಮೂತ್ರದಲ್ಲಿ ನೊರೆಯೂ ಎದ್ದಿತ್ತು, ನೀರು ಸುರಿದರೂ ಹೋಗದಂಥ ನೊರೆ. ಅದೂ ತನ್ನ ಶ್ರಮದ ಫಲವೇ ಇರಬೇಕು. ರಸ್ತೆಯಲ್ಲಿ ಕಸ ಗುಡಿಸುವವಳು ಬದಿಗೆ ಸರಿದು ದಾರಿ ಬಿಟ್ಟಳು, ಶಾಲೆಯ ಗೋಡೆಯ ಪಕ್ಕ ಹಾಲಿನ ಗಾಡಿ ಇಂಜಿನ್ ಆರಿಸದೆ ನಿಂತಿತ್ತು, ಅಣ್ಣನ ಬೇಕರಿಯ ಕಬ್ಬಿಣದ ಬಾಗಿಲು ಅರ್ಧ ಎತ್ತಿತ್ತು. ಆ ಅರ್ಧ ಬಾಗಿಲು ಕಂಡಾಗಲೆಲ್ಲ ಅವನ ಬೆನ್ನು ತಾನಾಗೇ ಬಾಗುತ್ತಿತ್ತು, ಇಪ್ಪತ್ತು ವರ್ಷದ ಹಿಂದೆ ಅವತ್ತೂ ಹೀಗೇ ಬಗ್ಗಿಕೊಂಡು ಒಳಗೆ ಹೋಗಿದ್ದ, ಒಳಗೆ ಬ್ರೆಡ್ಡಿನ ಮೊದಲ ಟ್ರೇ ಆಗಲೇ ಗಾಜಿನ ಮೇಲೆ ಬಂದು ಕೂತಿತ್ತು. ದಿನದ ಮೊದಲ ಬ್ರೆಡ್ಡನ್ನು ಅಣ್ಣ ಗಿರಾಕಿಗಳ ಎದುರಿಗೇ ಮುರಿದು ರುಚಿ ನೋಡುವುದು ಆ ಬೇಕರಿಯ ಪದ್ಧತಿ. ಮುರಿದ, ಅಗಿದ, ಅಗಿಯುವುದನ್ನು ನಿಲ್ಲಿಸಿ ಅಂಗೈಗೆ ಉಗಿದ. "ಬಾರೋ ಇಲ್ಲಿ." ಸಾಲಿನಲ್ಲಿ ಮುಂದೆ ನಿಂತಿದ್ದವರು ಮೇಷ್ಟ್ರು, ಆಗಿನ್ನೂ ನಿವೃತ್ತರಾಗಿರಲಿಲ್ಲ, ಕೈಯಲ್ಲಿ ಬಟ್ಟೆಯ ಚೀಲ. "ಉಪ್ಪು ಎಲ್ಲೋ?" ಅಂದ ಅಣ್ಣ. ಹಿಟ್ಟು ಕಲಸಿದ್ದು ಇವನೇ. ಹಿಂದಿನ ದಿನ ಜ್ವರ ಬಂದಿತ್ತು, ಮರೆತುಬಿಟ್ಟಿದ್ದ, ಮರೆಯುವುದು ಅಂದರೆ ಏನು, ಕೈ ಉಪ್ಪಿನ ಡಬ್ಬದ ತನಕ ಹೋಗಿ ವಾಪಸು ಬಂದಿತ್ತು, ಅಷ್ಟೆ. "ತಿನ್ನು," ಅಂದ ಅಣ್ಣ. ಒಂದು ತುಂಡಲ್ಲ, ಇಡೀ ಬ್ರೆಡ್ಡು. ಗಾಜಿನ ಕಪಾಟಿಗೆ ಬೆನ್ನು ಕೊಟ್ಟು, ಗಿರಾಕಿಗಳ ಕಡೆ ಮುಖ ಮಾಡಿ, ನಿಂತುಕೊಂಡು. ತಿಂದ. ಬಿಸಿ ಬ್ರೆಡ್ಡು ಅಂಗುಳಿಗೆ ಅಂಟಿಕೊಳ್ಳುತ್ತಿತ್ತು, ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಯಾರೂ ನೀರು ಕೊಡಲಿಲ್ಲ. "ಬಿಡಪ್ಪ, ಹುಡುಗ ಸ್ವಲ್ಪ ಸಪ್ಪೆ, ಅಷ್ಟೆ," ಅಂದರು ಮೇಷ್ಟ್ರು, ಬಿಡಿಸಲಿಕ್ಕೆ ಅಂತಲೇ ಅಂದರು, ಸಾಲೆಲ್ಲ ನಕ್ಕಿತು, ಅಣ್ಣನಿಗೆ ಆ ಮಾತು ಬಹಳ ಹಿಡಿಸಿತು. ಮದುವೆಯ ದಿನ ಹೆಣ್ಣಿನ ಕಡೆಯವರ ಮುಂದೆ ಇದನ್ನೇ ಹೇಳಿ ನಗಿಸಿದ. ಮಗಳು ಹುಟ್ಟಿದಾಗ ಹೇಳಿದ. ಮೊನ್ನೆ ಮೊನ್ನೆ ಡಯಾಲಿಸಿಸ್ ಕೋಣೆಯಲ್ಲಿ ಪಕ್ಕದ ಮಂಚದವನಿಗೂ ಹೇಳಿದ.

ಆದರೆ ಈಗ ಆಟ ಬೇರೆ. ಅಣ್ಣ ಉಪ್ಪು ಮುಟ್ಟುವ ಹಾಗಿಲ್ಲ ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ ದಿನದಿಂದ, ದೊಡ್ಡ ಮುದ್ದೆಗೆ ಉಪ್ಪು ಬೀಳುವ ಮೊದಲೇ ಒಂದು ಹಿಡಿ ತೆಗೆದು, ಬೇರೆ ಕಲಸಿ, ಅಂಚು ಸೊಟ್ಟಗಾದ ಒಂದು ಚಿಕ್ಕ ಅಚ್ಚಿಗೆ ಹಾಕಿ ಭಟ್ಟಿಗೆ ತಳ್ಳುವುದು ಇವನ ಕೆಲಸವಾಗಿತ್ತು. ಈ ಕೆಲಸವನ್ನು ಅವನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿರಲಿಲ್ಲ. ಅಣ್ಣನ ಮೇಲೆ ಎಷ್ಟು ಪ್ರೀತಿ ನೋಡು ಅಂತ ಕೆಲಸದವರು ಲೊಚಗುಟ್ಟುತ್ತಿದ್ದರು. ಉಪ್ಪಿಲ್ಲದ ಹಿಟ್ಟು ಕೈಗೆ ಅಂಟುತ್ತೆ, ಬೇಗ ಉಬ್ಬುತ್ತೆ, ಮೇಲ್ಭಾಗ ಬೆಳ್ಳಗೇ ಉಳಿಯುತ್ತೆ, ರೋಗಿಯ ಮುಖದ ಹಾಗೆ. ಅದನ್ನು ನಾದುವಾಗ ಅವನ ಮುಂಗೈಯಲ್ಲಿ ಒಂದು ಸುಖ ಹರಿಯುತ್ತಿತ್ತು. ಇದು ತಪ್ಪು, ಹೀಗೆ ಸುಖಪಡಬಾರದು ಅಂತ ಒಳಗಿನಿಂದ ಯಾರೋ ಅನ್ನುತ್ತಿದ್ದರು. ಅನ್ನಲಿ ಬಿಡು. ಇಷ್ಟು ವರ್ಷ ಅವನು ಅನ್ನಿಸಿಕೊಂಡಿಲ್ಲವೇ.

ಇವತ್ತೂ ಅಣ್ಣ ಗಲ್ಲಾಪೆಟ್ಟಿಗೆಯ ಹಿಂದಿನ ಎತ್ತರದ ಸ್ಟೂಲಿನ ಮೇಲೆ ಕೂತಿದ್ದ. ಮೈ ಇಳಿದು ಅಂಗಿ ಜೋತಿತ್ತು, ಆದರೂ ಸ್ಟೂಲು ಬಿಟ್ಟಿರಲಿಲ್ಲ. ಚಿಕ್ಕ ಅಚ್ಚಿನ ಬ್ರೆಡ್ಡು ಬೆಂದ ಮೇಲೆ ಇವನು ತಟ್ಟೆ ಮುಂದಿಟ್ಟ. ಎರಡು ತುಂಡು ಬಿಳೀ ಬ್ರೆಡ್ಡು, ಮೊಟ್ಟೆಯ ಬಿಳಿ ಭಾಗ, ಅಳೆದು ಹಾಕಿದ ಅರ್ಧ ಲೋಟ ನೀರು. ಬಾಳೆಹಣ್ಣು ಕೂಡದು, ಟೊಮೆಟೊ ಕೂಡದು, ಚೀಸು ಕೂಡದು. ಅಣ್ಣ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿದ. ಗಂಟಲ ಗುಂಡಿ ಮೇಲೆ ಹೋಗಿ ಅಲ್ಲೇ ನಿಂತಿತು. ಇವನು ಟವಲಿನಿಂದ ಕೈ ಒರೆಸಿಕೊಳ್ಳುವ ನೆಪದಲ್ಲಿ ಅಲ್ಲೇ ನಿಂತ. ದಿನವೂ ನಿಲ್ಲುತ್ತಿದ್ದ.

"ಇದನ್ನ ಮನುಷ್ಯರು ತಿಂತಾರೇನೋ," ಅಂದ ಅಣ್ಣ.

"ಅಭ್ಯಾಸ ಆಗುತ್ತೆ ಅಣ್ಣ," ಅಂದ ಇವನು ಬೆಣ್ಣೆಯಂಥ ದನಿಯಲ್ಲಿ.

ಅಣ್ಣ ಮುಖ ನೋಡಿದ. ನೋಡಿ, ಗಡಿಯಾರದ ಕಡೆ ತಿರುಗಿದ. "ಹೋಗು, ಹೊತ್ತಾಯ್ತು. ತಲೆ ಬಾಚ್ಕೋ. ಮೈದಾ ಮೆತ್ಕೊಂಡು ಹೋಗಿ ಅಲ್ಲಿ ನನ್ನ ಮಾನ ಕಳೀಬೇಡ. ದಾರೀಲಿ ಎಲ್ಲಾದ್ರೂ ಬೀಳಿಸ್ಕೊಂಡು ಬಂದೀಯ ನನ್ನ ಕಿಡ್ನೀನ." ಬನ್ನು ಕೊಳ್ಳಲು ನಿಂತಿದ್ದ ಇಬ್ಬರು ನಕ್ಕರು. ನನ್ನ ಕಿಡ್ನಿ. ಇನ್ನೂ ಇವನ ಹೊಟ್ಟೆಯೊಳಗೇ ಇದೆ, ಆಗಲೇ ಅವನದು. ನಗು ನಗು, ಅಂದುಕೊಂಡ ಇವನು, ಸಂಜೆಯ ಹೊತ್ತಿಗೆ ಯಾರು ನಗ್ತಾರೆ ನೋಡೋಣ.

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತಿಗೆ ಅವನ ಪಕ್ಕ ಕೂತು, ಮಡಿಲಲ್ಲಿದ್ದ ಚೀಲದ ಹಿಡಿಯನ್ನು ತಿರುಚುತ್ತಿದ್ದಳು. ಹಿಂದಿನ ವಾರ ಇವನ ಒಂದಿಡೀ ದಿನದ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ತರಿಸಿಕೊಂಡಿದ್ದರು, ಹೊಟ್ಟೆಯ ಸ್ಕ್ಯಾನ್ ಮಾಡಿದ್ದರು. ಇವತ್ತು ಅವೆಲ್ಲದರ ಉತ್ತರ, ಜೊತೆಗೆ ಬೀಪಿ. "ನೋಡಪ್ಪ," ಅಂದಳು ಅತ್ತಿಗೆ ಬಾಗಿಲ ಕಡೆಯೇ ನೋಡುತ್ತಾ, "ಅವರ ಬಾಯಿ ಒರಟು. ನಾನೂ ಅನುಭವಿಸಿದೀನಿ. ನೀನು ಮಾಡ್ತಿರೋದನ್ನ ನಾನು ಸಾಯೋವರೆಗೂ ಮರೆಯಲ್ಲ." ಅವನು ಹೂಂಗುಟ್ಟಿದ. ತುಟಿಯ ಮೇಲೆ ಇನ್ನೂ ಬೆಳಗಿನ ಉಪ್ಪಿನ ಜಿಗುಟು ಇತ್ತು, ನಾಲಿಗೆಯಿಂದ ಸವರಿಕೊಂಡ. ಆ ರುಚಿ ಎಲ್ಲಿಯದು ಅಂತ ನಾಲಿಗೆ ಹುಡುಕತೊಡಗಿತು. ಹಳೆಯದು, ಬಹಳ ಹಳೆಯದು. ಅಪ್ಪ ಸತ್ತ ವರ್ಷ ಅಣ್ಣನಿಗಿನ್ನೂ ಮೀಸೆ ಚಿಗುರುತ್ತಿತ್ತು, ಭಟ್ಟಿಯ ಮುಂದೆ ಬರಿಮೈಯಲ್ಲಿ ನಿಲ್ಲುತ್ತಿದ್ದ, ಇವನು ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಹಿಂಬಾಗಿಲಲ್ಲಿ ಕಾಯುತ್ತಿದ್ದ. ಮಾರಾಟಕ್ಕೆ ಬಾರದ ಬ್ರೆಡ್ಡಿನ ಅಂಚನ್ನು ಬಿಸಿಬಿಸಿಯಾಗಿ ಕೊಯ್ದು, ಉಪ್ಪಿನ ಬೆಣ್ಣೆಯನ್ನು ಬೆರಳಿನಿಂದಲೇ ಬಳಿದು, ಮೇಲೆ ಇನ್ನಿಷ್ಟು ಕಲ್ಲುಪ್ಪು ಪುಡಿ ಮಾಡಿ ಉದುರಿಸಿ, "ತಿನ್ನು, ಶಾಲೆಗೆ ಹೊತ್ತಾಯ್ತು" ಅನ್ನುತ್ತಿದ್ದ. ತಾನೂ ಅದನ್ನೇ ತಿನ್ನುತ್ತಿದ್ದ. ಬೇರೆ ತಿಂಡಿ ಅನ್ನುವುದು ಆ ಮನೆಯಲ್ಲಿ ಇರಲಿಲ್ಲ. ಇವನು ಓದು ಬಿಟ್ಟು ಭಟ್ಟಿಗೆ ಸೇರಿದ ಮೇಲೂ ಅದೇ ತಿಂಡಿ, ಅದರ ಹಿಂದೆಯೇ ಸೊಂಟನೋವಿಗೆ ಅಂತ ಔಷಧಿ ಅಂಗಡಿಯ ಒಂದು ಮಾತ್ರೆ, ನೀರು ಕುಡಿಯಲು ಪುರುಸೊತ್ತಿಲ್ಲದ ಕೆಲಸ. ಈ ನೆನಪು ಈಗ್ಯಾಕೆ ಬಂತು ಅಂತ ಅವನಿಗೆ ರೇಗಿತು. ಸರಿಯಾಗಿ ಸೇಡಿನ ಹೊತ್ತಿಗೆ ಬಾಯಲ್ಲಿ ಬೆಣ್ಣೆ ಇಡಲು ಬರುತ್ತಾನೆ, ಪಕ್ಕಾ ಆಸಾಮಿ.

ಡಾಕ್ಟರಮ್ಮ ಎರಡು ಸಲ ಬೀಪಿ ನೋಡಿದಳು. ಎರಡು ಸಲವೂ ಹುಬ್ಬು ಗಂಟಿಕ್ಕಿದಳು. ಅವನು ಮುಖದ ಖುಷಿ ಕಾಣದ ಹಾಗೆ ತಲೆ ತಗ್ಗಿಸಿದ.

"ಬೆಳಗ್ಗೆ ತಿಂಡಿಗೆ ಏನು ತಿಂತೀರಿ?"

"ಬ್ರೆಡ್ಡು ಮೇಡಂ. ಬೆಣ್ಣೆ. ಸ್ವಲ್ಪ ಉಪ್ಪು ಜಾಸ್ತಿ ತಿಂದ್ಬಿಡ್ತೀನಿ. ಬಾಯಿಚಟ." ತಪ್ಪು ಒಪ್ಪಿಕೊಂಡ ಹುಡುಗನ ಮುಖ ಮಾಡಿದ. "ಅದಕ್ಕೇನಾದ್ರೂ ತೊಂದರೆ ಆಗುತ್ತಾ, ಕೊಡೋದಕ್ಕೆ?"

"ಎಷ್ಟು ದಿನದಿಂದ?"

"ಒಂದು ತಿಂಗಳಿರಬೇಕು."

"ಒಂದು ತಿಂಗಳಲ್ಲ," ಅಂದಳು. ಪರದೆಯನ್ನು ಅವನ ಕಡೆ ತಿರುಗಿಸಿದಳು, ಅಲ್ಲಿ ಬೂದಿಬಣ್ಣದ ಎರಡು ಮಸುಕು ಆಕಾರಗಳಿದ್ದವು. "ಉಪ್ಪು ಜಾಸ್ತಿ ಇದೆ, ಅದು ಮೂತ್ರದಲ್ಲೇ ಗೊತ್ತಾಗುತ್ತೆ. ಆದ್ರೆ ಇದು ತಿಂಗಳ ಕೆಲಸ ಅಲ್ಲ. ಇವು ಕುಗ್ಗಿವೆ ನೋಡಿ, ಅಂಚೆಲ್ಲ ಗಾಯ ಮಾಗಿದ ಹಾಗಿದೆ. ಪ್ರೋಟೀನ್ ಸೋರ್ತಾ ಇದೆ. ಹತ್ತು ವರ್ಷದಿಂದಾದ್ರೂ ಕೆಡ್ತಾ ಬಂದಿರಬೇಕು. ನೊರೆ ಬರ್ತಿರಲಿಲ್ವಾ? ಕಾಲು ಊದ್ತಿರಲಿಲ್ವಾ? ನೋವಿನ ಮಾತ್ರೆ ತಗೋತಿದ್ರಾ, ದಿನಾ?" ಅವನು ಎಲ್ಲದಕ್ಕೂ ತಲೆಯಾಡಿಸುತ್ತಾ ಹೋದ. "ನಿಮ್ಮದು ತೆಗೆಯೋ ಮಾತೇ ಇಲ್ಲ. ನಿಮ್ಮನ್ನ ಉಳಿಸ್ಕೊಳ್ಳೋದು ನೋಡೋಣ. ಇವತ್ತಿನಿಂದ ಆ ಮಾತ್ರೆ ಬಂದ್. ಉಪ್ಪು, ಬೆಣ್ಣೆ, ಚೀಸು, ಒಣಗಿಸಿದ್ದು, ಪ್ಯಾಕೆಟ್ಟಿನದು, ಎಲ್ಲ ಬಂದ್. ಬೆಳಗಿನ ತಿಂಡಿಯಿಂದಲೇ ಶುರು ಮಾಡಿ. ಈಗಿಂದ ಹುಷಾರಾಗಿದ್ರೆ ನಿಮ್ಮಣ್ಣನ ಹಾಗೆ ಯಂತ್ರದ ಪಕ್ಕ ಮಲಗೋದನ್ನ ಬಹಳ ವರ್ಷ ಮುಂದಕ್ಕೆ ಹಾಕಬಹುದು."

"ಅಂದ್ರೆ," ಅಂದ ಅವನು, "ನಾನು ಈ ತಿಂಗಳು ಉಪ್ಪು ತಿನ್ನದೇ ಇದ್ದಿದ್ರೂ..."

"ತಿನ್ನದೇ ಇದ್ದಿದ್ರೂ ನಾವು ತಗೋತಿರಲಿಲ್ಲ."

ಅವನು ಹಿಂಬಾಗಿಲಿನಿಂದ ಹೊರಗೆ ಬಂದ. ಅತ್ತಿಗೆಗೆ ಡಾಕ್ಟರಮ್ಮನೇ ಹೇಳಲಿ. ರಸ್ತೆ ಅದೇ, ಬಿಸಿಲು ಅದೇ, ಬಸ್ಸಿಗೆ ಕೈ ತೋರಿಸುವ ಜನ ಅವರೇ. ಒಳಗೆ ಮಾತ್ರ ಏನೋ ಕಳುವಾಗಿತ್ತು. ತನಗೂ ಕಾಯಿಲೆ ಅನ್ನುವುದು ಇನ್ನೂ ತಲೆಗೆ ಇಳಿದೇ ಇರಲಿಲ್ಲ, ಅದಕ್ಕಿಂತ ಮೊದಲೇ ಹೊಟ್ಟೆಕಿಚ್ಚಿನಂಥ ಒಂದು ಸಂಕಟ ನುಗ್ಗಿ ಕೂತಿತ್ತು. ಇಷ್ಟು ದಿನ ನಾಲಿಗೆ ಸುಟ್ಟುಕೊಂಡು, ಹೆಂಡತಿಯ ಕಣ್ಣು ತಪ್ಪಿಸಿ, ಬಾಯಾರಿ ಬಾಯಾರಿ ಕಟ್ಟಿದ ಸೇಡು ಬೇಕಾಗಿಯೇ ಇರಲಿಲ್ಲ. ತೆರೆದ ಬಾಗಿಲನ್ನು ಭುಜ ಕೊಟ್ಟು ನೂಕಿದ ಹಾಗಾಯಿತು. ಅಣ್ಣನ ಆಸೆ ಹೇಗೂ ಮುರಿದುಬಿತ್ತು, ಆದರೆ ಮುರಿದವನು ತಾನಲ್ಲ. ತಿಂಡಿ ಮುರಿದಿತ್ತು, ಅದೂ ಅಣ್ಣನೇ ಬೆರಳಿನಿಂದ ಬಳಿದುಕೊಟ್ಟ ತಿಂಡಿ. ಅವನ ಪಾಲಿಗೆ ಉಳಿದದ್ದು ಪಾಪ ಮಾತ್ರ. ಪಾಪ ಹೊತ್ತ ಮೇಲೆ ಅದರ ಸುಖವನ್ನಾದರೂ ಬಿಡಬಾರದು ಅನ್ನಿಸಿತು. ಹೇಳಿಬಿಡಬೇಕು. ಮುಖಕ್ಕೆ ಮುಖ ಕೊಟ್ಟು, ಆ ಸ್ಟೂಲಿನ ಮುಂದೆ ನಿಂತು, ಗಿರಾಕಿಗಳ ಎದುರಿಗೇ ಹೇಳಬೇಕು. ನಿನಗೆ ಸಿಗಬಾರದು ಅಂತಲೇ ತಿಂದೆ. ಆ ಮಾತು ಕೇಳುವಾಗ ಅಣ್ಣನ ಮುಖ ಹೇಗಾಗುತ್ತೆ, ಅದೊಂದನ್ನು ನೋಡಿದರೆ ಸಾಕು. ಹೆಜ್ಜೆ ಜೋರಾಯಿತು, ಊದಿದ ಪಾದ ಪಟ್ಟಿಯೊಳಗೆ ಉರಿಯುತ್ತಿತ್ತು.

ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚಿರಲಿಲ್ಲ. ಮೇಷ್ಟ್ರು ಇದ್ದರು, ಈಗ ಬೆನ್ನು ಬಾಗಿ, ಅದೇ ಬಗೆಯ ಬಟ್ಟೆಯ ಚೀಲ ಹಿಡಿದು. ಅಣ್ಣ ಸ್ಟೂಲಿನಿಂದ ಇಳಿದು ನಿಂತಿದ್ದ. ಫೋನು ಗಾಜಿನ ಮೇಲಿತ್ತು. ಅತ್ತಿಗೆ ಹೇಳಿಯಾಗಿತ್ತು.

"ಕೂತ್ಕೋ," ಅಂದ ಅಣ್ಣ, ಸ್ಟೂಲನ್ನು ಕಾಲಿನಿಂದ ಈ ಕಡೆ ತಳ್ಳಿ. ಆ ಸ್ಟೂಲಿನ ಮೇಲೆ ಅಣ್ಣನ ಹೊರತು ಇನ್ನೊಬ್ಬರು ಕೂತದ್ದನ್ನು ಅವನು ಕಂಡಿರಲಿಲ್ಲ. "ಕಾಲು ಊದ್ತಿತ್ತಂತಲ್ಲೋ. ನನಗೆ ಹೇಳೋದಲ್ವಾ?"

ಅವನು ಕೂರಲಿಲ್ಲ. "ಅಣ್ಣ," ಅಂದ. ಮೇಷ್ಟ್ರಿಗೂ ಕೇಳಲಿ ಅಂತ ದನಿ ಎತ್ತರಿಸಿದ. "ನಾನು ಒಂದು ತಿಂಗಳಿಂದ ಬೇಕೂ ಅಂತಲೇ ಉಪ್ಪು ತಿಂದೆ. ದಿನಾ ಬೆಳಗ್ಗೆ. ಬೀಪಿ ಏರ್ಲಿ ಅಂತ. ನನ್ನದು ನಿನಗೆ ಹೋಗಬಾರದು ಅಂತ. ನೀನು ಅವತ್ತು ಇಲ್ಲೇ ನಿಲ್ಲಿಸಿ ತಿನ್ಸಿದ್ಯಲ್ಲ, ಅದಕ್ಕೆ."

ಹೇಳಿಯಾಯಿತು. ಅವನು ಅಣ್ಣನ ಮುಖವನ್ನೇ ನೋಡುತ್ತಾ ನಿಂತ. ಆ ಮುಖ ಒಂದು ಗಳಿಗೆ ಖಾಲಿಯಾಗಿತ್ತು. ಆಮೇಲೆ ತುಟಿಯ ಒಂದು ಕೊನೆ ಅಲುಗಿತು, ಹೆಗಲು ಅಲುಗಿತು, ಅಣ್ಣ ನಕ್ಕ. ಕಾಯಿಲೆ ಬಿದ್ದ ಮೇಲೆ ಅಷ್ಟು ನಕ್ಕದ್ದೇ ಇಲ್ಲ. ಕೆಮ್ಮು ಬಂದು ಗಾಜಿಗೆ ಕೈಕೊಟ್ಟು ಬಗ್ಗಿದ.

"ಕೇಳಿದ್ರಾ ಮೇಷ್ಟ್ರೇ? ನನಗೆ ಕೊಡಬಾರದು ಅಂತ ಕಾದು ಕೂತು ಉಪ್ಪು ತಿಂದ್ನಂತೆ, ಇವನು. ಹಿಟ್ಟಿಗೆ ಉಪ್ಪು ಹಾಕೋದನ್ನೇ ಮರೆಯೋ ಮನುಷ್ಯ." ಕಣ್ಣೊರೆಸಿಕೊಂಡ. ಒರೆಸಿದರೂ ಕಣ್ಣು ಒಣಗಲಿಲ್ಲ. ದನಿ ತಗ್ಗಿಸಿ, ಇವನಿಗಷ್ಟೇ ಕೇಳುವ ಹಾಗೆ, "ಸುಳ್ಳು ಯಾಕೋ ಹೇಳ್ತೀಯ," ಅಂದ. "ಚಿಕ್ಕಂದಿನಿಂದ ಆ ಬೆಣ್ಣೆ ಬ್ರೆಡ್ಡು ತಿನ್ನಿಸಿ ನಿನ್ನ ಹಾಳು ಮಾಡಿದೋನು ನಾನು. ಅದು ನನ್ನ ತಲೆ ಮೇಲೆ ಬೀಳದಿರ್ಲಿ ಅಂತ ನಿನ್ನ ತಲೆ ಮೇಲೆ ಎಳ್ಕೊಳ್ತಿದೀಯ. ಗೊತ್ತಿಲ್ವಾ ನನಗೆ ನೀನು? ಯಾರಿಗಾದ್ರೂ ಕೇಡು ಬಗೆಯೋದು ನಿನ್ನ ಕೈಲಿ ಆಗುತ್ತೇನೋ."

"ಆಗುತ್ತೆ," ಅಂದ ಅವನು. "ನಿಜವಾಗ್ಲೂ ತಿಂದೆ ಅಣ್ಣ. ನನ್ನ ಹೆಂಡತೀನ ಕೇಳು." ಅಂಗಲಾಚುವ ದನಿ ಅದು, ಅವನಿಗೇ ಕೇಳಿಸಿತು.

"ಆಯ್ತು ಆಯ್ತು," ಅಂದ ಅಣ್ಣ, ಮಗುವಿನ ಮಾತಿಗೆ ಹೂಂಗುಟ್ಟುವ ಹಾಗೆ.

"ಮೊದಲಿಂದ್ಲೂ ಮೆತ್ತನೆ ಹುಡುಗ," ಅಂದರು ಮೇಷ್ಟ್ರು.

ಅಣ್ಣ ಗಾಜಿನ ಕೆಳಗಿನಿಂದ ಮುಚ್ಚಿಟ್ಟಿದ್ದ ತಟ್ಟೆಯನ್ನು ತೆಗೆದ. ಬೆಳಗಿನ ಬಿಳೀ ಬ್ರೆಡ್ಡು, ಇನ್ನೂ ಮುಕ್ಕಾಲು ಉಳಿದಿತ್ತು. ಚಾಕುವಿನಿಂದ ಒಂದು ತುಂಡು ಕೊಯ್ದು, ಅಂಗೈ ಮೇಲಿಟ್ಟು ಮುಂದೆ ಚಾಚಿದ.

"ತಿನ್ನು."

ಅದೇ ಜಾಗ, ಅದೇ ಮಾತು. ಹೆಂಡತಿಯ ಅಡುಗೆಮನೆ, ಉಪ್ಪಿನ ಡಬ್ಬ, ಒಣಮೀನು, ಅದೆಲ್ಲ ಎಲ್ಲೋ ಬಹಳ ದೂರ ಉಳಿದಿತ್ತು. ಅವನು ತುಂಡು ತೆಗೆದುಕೊಂಡು ಬಾಯಿಗಿಟ್ಟ. ಇಷ್ಟು ದಿನ ತನ್ನ ಕೈಯಾರೆ ನಾದಿ ಸುಟ್ಟಿದ್ದನ್ನು ಒಂದು ಸಲವೂ ರುಚಿ ನೋಡಿರಲಿಲ್ಲ. ಅಂಗುಳಿಗೆ ಅಂಟಿಕೊಂಡಿತು. ಗಂಟಲಲ್ಲಿ ನಿಂತಿತು. ಅಣ್ಣ ತನ್ನ ಪಾಲಿನ ಅಳತೆಯ ನೀರನ್ನು ಅವನ ಕಡೆ ಸರಿಸಿದ.

"ಹೇಗಿದೆ?"

"ಸಪ್ಪೆ," ಅಂದ ಅವನು.

"ಅಭ್ಯಾಸ ಆಗುತ್ತೆ," ಅಂದ ಅಣ್ಣ, ಇನ್ನೊಂದು ತುಂಡು ಕೊಯ್ಯುತ್ತಾ.